ಮೂರು ದೀಪಕ್ಕೆ ಒಂದು ರಿಲೇ

ಮಗು ಅಳುತ್ತಿತ್ತು. ಅವ್ವ ಅದನ್ನು ಮಲಗಿಸಿದ್ದ ಸೀರೆಯ ಜೋಳಿಗೆಯ ಪಕ್ಕದಲ್ಲೇ ಚಾಪೆಯ ಮೇಲೆ ಕೂತಿದ್ದಳು. ಎರಡೂ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಿದ್ದಳು, ಎತ್ತಿಕೊಳ್ಳಲಿಲ್ಲ. ಗೋಡೆ ಗಡಿಯಾರ ನೋಡುತ್ತಾ ಹದಿನೈದು ನಿಮಿಷ ಹಾಗೇ ಕೂತಿದ್ದೆ ಎಂದು ಆಮೇಲೆ ಅವಳೇ ನನಗೆ ಹೇಳಿದಳು.

ಹಿತ್ತಿಲಲ್ಲಿ ಅಕ್ಕ ಭವಾನಿ ಬಟ್ಟೆ ಒಗೆಯುತ್ತಿದ್ದಳು. ಬೀದಿ ಕಡೆಯ ಕೋಣೆಯಲ್ಲಿ ಭಾವ ಜಟ್ಟಪ್ಪ ಹೊಲಿಗೆ ಮಿಷನ್ ತುಳಿಯುತ್ತಿದ್ದರು. ಇಬ್ಬರಿಗೂ ಕಿವಿ ಕೇಳಿಸದು. ಭಾವನಿಗೆ ಹುಟ್ಟಿನಿಂದ, ಅಕ್ಕನಿಗೆ ನಾಲ್ಕನೇ ವರ್ಷದಲ್ಲಿ ಬಂದ ಜ್ವರದಿಂದ. ಮಗುವಿನ ಅಳು ಅವರಿಗೆ ತಲುಪಬೇಕಾಗಿದ್ದದ್ದು ನಾನು ಮಾಡಿಕೊಟ್ಟಿದ್ದ ಡಬ್ಬಿಯ ಮೂಲಕ. ಅವತ್ತು ಆ ಡಬ್ಬಿ ಕೈಕೊಟ್ಟಿತು.

ಅದು ೨೦೦೨ರ ಯುಗಾದಿಗೆ ಹನ್ನೊಂದು ದಿನ ಮೊದಲಿನ ಮಾತು. ಯುಗಾದಿಗೆ ಮಗುವಿಗೆ ಐದು ತಿಂಗಳು ತುಂಬುತ್ತಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳನ್ನು ನಮ್ಮ ಕಡೆ ಮೂರಕ್ಕೋ ಐದಕ್ಕೋ ಗಂಡನ ಮನೆಗೆ ಕಳಿಸುತ್ತಾರೆ. ಸಮ ತಿಂಗಳಲ್ಲಿ ಕಳಿಸುವುದಿಲ್ಲ. ಮೂರನೇ ತಿಂಗಳು ಬಂದಾಗ ಭದ್ರಾವತಿಯ ಓಲ್ಡ್ ಟೌನಿನ ನಮ್ಮ ಮನೆಯಲ್ಲಿ ಅವ್ವ ಬಾಯಿಬಿಟ್ಟು ಹೇಳಿದ್ದಳು.

"ಇಂಪನಾ ನಡೆಯೋ ಹಂಗಾಗೋವರೆಗೂ ಇಬ್ರೂ ಇಲ್ಲೇ ಇರಿ. ಜಟ್ಟಪ್ಪ ಭಾನುವಾರ ಭಾನುವಾರ ಬಂದು ನೋಡ್ಕೊಂಡು ಹೋಗ್ಲಿ. ಹೆತ್ತಿದ್ದು ನೀನೇ, ಇಲ್ಲ ಅನ್ನಲ್ಲ. ಸಾಕೋಕೆ ಕಿವಿ ಬೇಕಲ್ಲವ್ವಾ?"

ಅವ್ವ ಯಾವತ್ತೂ ಅಕ್ಕನ ಮುಂದೆ ನಿಂತು, ತುಟಿ ಕಾಣುವ ಹಾಗೆ ನಿಧಾನವಾಗಿ ಮಾತಾಡುತ್ತಾಳೆ. ಆ ಮಾತನ್ನೂ ಹಾಗೇ ಆಡಿದಳು. ಕೊನೆಯ ಅಕ್ಷರದವರೆಗೂ ಅಕ್ಕನಿಗೆ ತಿಳಿಯಿತು. ಅಕ್ಕ ಬಾಯಲ್ಲಿ ಮಾತಾಡುವುದು ಬಹಳ ಕಡಿಮೆ. ತನ್ನ ದನಿ ಎಷ್ಟು ಜೋರು ಎಂದು ತನಗೇ ಗೊತ್ತಾಗದ ಕಾರಣ ಹೊರಗಿನವರ ಎದುರು ಆಡುವುದೇ ಇಲ್ಲ. ಅವತ್ತು ಆಡಿದಳು.

"ನನ್ ಮಗು. ನಾನೇ."

ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿದರು.

ಅವರಿಬ್ಬರ ನಡುವೆ ನಿಂತು ನಾನು ಮಾತು ಕೊಟ್ಟೆ: ಮಗು ಅತ್ತರೆ ದೀಪ ಹತ್ತುವ ಹಾಗೆ ಮಾಡಿಕೊಡುತ್ತೇನೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ್ದೆ. ಮೂರು ವರ್ಷದಿಂದ ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಅಡ್ಡರಸ್ತೆಯಲ್ಲಿ ಓಂಕಾರಪ್ಪನವರ ಟೀವಿ ರಿಪೇರಿ ಅಂಗಡಿಯಲ್ಲಿ ಕೂರುತ್ತಿದ್ದೆ. ಅವ್ವ ನನಗೆ ಹೇಳಿದಳು: "ಮಾಡು. ನಾನು ಮೂರು ದಿನ ಅವರ ಮನೇಲಿದ್ದು ನೋಡ್ತೀನಿ. ಮಗು ಎಷ್ಟತ್ರೂ ನಾನು ಮುಟ್ಟಲ್ಲ, ಕರೆಯಲ್ಲ. ನನಗೂ ಕಿವಿ ಇಲ್ಲ ಅಂದ್ಕೋ."

ಆ ಮೂರು ದಿನದ ಎರಡನೆಯ ದಿನ ಅದು.

ಎಸ್‌ಟಿಡಿ ಬೂತಿನಿಂದ ಅಂಗಡಿಗೆ ಅವ್ವನ ಫೋನು ಬಂತು. "ಭೀಮಾ, ನಿನ್ ದೀಪ ಆರ್ಹೋಯ್ತು ಕಣೋ. ಬಾ, ನಮ್ಮನ್ನ ಭದ್ರಾವತಿ ಬಸ್ ಹತ್ಸು."

ದುರ್ಗಿಗುಡಿಯ ಭಾವನ ಮನೆಗೆ ನಾನು ಓಡಿಕೊಂಡೇ ಹೋದೆ. ಅವ್ವ ಬ್ಯಾಗಿಗೆ ಮಗುವಿನ ಬಟ್ಟೆ ತುಂಬುತ್ತಿದ್ದಳು. ಅಕ್ಕ ಮಗುವನ್ನು ಹೆಗಲಿಗೆ ಒತ್ತಿಕೊಂಡು ಗೋಡೆಗೆ ಅಂಟಿ ನಿಂತಿದ್ದಳು. ಅತ್ತು ಅತ್ತು ಮಗುವಿನ ಮುಖ ಊದಿಕೊಂಡಿತ್ತು. ನಡೆದದ್ದೇನೆಂದು ಅಕ್ಕ ಒಂದು ಕೈಯಲ್ಲಿ ಸನ್ನೆ ಮಾಡಿ ಹೇಳಿದಳು. ಬೆಳಗ್ಗೆಯಿಂದ ಮಗು ಮತ್ತೆ ಮತ್ತೆ ಅಳುತ್ತಿತ್ತು, ಪ್ರತಿ ಸಲವೂ ದೀಪ ಹತ್ತಿತ್ತು, ಪ್ರತಿ ಸಲವೂ ಅವಳು ಬಂದಿದ್ದಳು. ಕಡೆಯ ಸಲ ಹಿತ್ತಿಲ ಬಾಗಿಲ ಮೇಲಿನ ದೀಪ ಹತ್ತಿದ್ದನ್ನೂ ನೋಡಿದಳು. ಸೋಪಿನ ಕೈ ತೊಳೆದುಕೊಂಡು ತಲೆಯೆತ್ತಿದರೆ ದೀಪ ಆರಿತ್ತು. ಮಗು ತಾನಾಗಿಯೇ ಮಲಗಿತು ಎಂದುಕೊಂಡು ಮತ್ತೆ ಬಟ್ಟೆಗೆ ಕೈ ಹಾಕಿದಳು. ಬೀದಿ ಕೋಣೆಯ ದೀಪ ಆರಿದ್ದನ್ನು ಕಂಡು ಭಾವನೂ ಹಾಗೇ ಎಂದುಕೊಂಡರು, ಕೊನೆಗೆ ಅವ್ವನೇ ಹೋಗಿ ಅಕ್ಕನ ಭುಜ ತಟ್ಟಿದಳು.

ಡಬ್ಬಿ ಜೋಳಿಗೆಯ ಮೇಲಿನ ಗೂಡಿನಲ್ಲಿತ್ತು. ಊಟದ ಡಬ್ಬಿಯಷ್ಟು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ. ಅದಕ್ಕೊಂದು ನೀಲಿ ಮಖಮಲ್ಲಿನ ಗೌಸು, ಅಂಚಿಗೆ ಬಿಳಿ ಲೇಸು. ಟೀವಿಗೆ, ಮಿಕ್ಸಿಗೆ, ರೇಡಿಯೋಗೆ ಗೌಸು ಹಾಕದ ಮನೆ ನಮ್ಮೂರಲ್ಲಿಲ್ಲ. ಟೈಲರ್ ಮನೆಯಲ್ಲಂತೂ ಕೇಳುವುದೇ ಬೇಡ. ಡಬ್ಬಿ ತಂದುಕೊಟ್ಟ ದಿನವೇ ಭಾವ ಟೇಪು ಹಿಡಿದು ಅಳತೆ ತೆಗೆದು, ರವಿಕೆಯಲ್ಲಿ ಉಳಿದ ಬಟ್ಟೆಯಲ್ಲಿ ಹೊಲಿದಿದ್ದರು. ಮೈಕಿಗೆ ಮಾತ್ರ ಸಣ್ಣ ಕಿಂಡಿ ಬಿಟ್ಟಿದ್ದರು.

ಗೌಸು ತೆಗೆದರೆ ಡಬ್ಬಿ ಬಿಸಿಯಾಗಿತ್ತು. ಸ್ಕ್ರೂ ಬಿಚ್ಚಿ, ಒಳಗೆ ವೋಲ್ಟು ತಗ್ಗಿಸುವ ರೆಗ್ಯುಲೇಟರಿನ ಮೇಲೆ ಬೆರಳಿಟ್ಟೆ. ಚುಂಯ್ ಎಂದಿತು. ತೋರುಬೆರಳ ತುದಿಯಲ್ಲಿ ಬೊಬ್ಬೆ ಎದ್ದಿತು.

"ಗೌಸಿಂದ ಆಗಿದ್ದು," ಎಂದೆ. ಭಾವನ ಕಡೆ ತಿರುಗಿ ಗೌಸು ತೋರಿಸಿ, ಮೂಗು ಮುಚ್ಚಿ, ಉಸಿರು ಕಟ್ಟಿದ ಹಾಗೆ ಮಾಡಿದೆ.

ಭಾವ ಅರ್ಥ ಮಾಡಿಕೊಂಡರು. ಕತ್ತರಿ ತಂದು ಆ ಗೌಸಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದರು. ಲೇಸು ಬೇರೆ, ಮಖಮಲ್ಲು ಬೇರೆ. ನನಗೆ ಆಗ ಒಂದು ಥರ ಸಮಾಧಾನವಾಗಿತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಕ್ಕ ನನ್ನ ತೋಳು ಹಿಡಿದು ತಿರುಗಿಸಿದಳು. ಮುಷ್ಟಿ ಬಿಡಿಸಿ ದೀಪ ಎಂದಳು, ಮುಷ್ಟಿ ಮುಚ್ಚಿ ಆರಿತು ಎಂದಳು. ಅಂಗೈಗೆ ಕೆನ್ನೆ ಇಟ್ಟಳು: ಮಗು ಮಲಗಿದೆ. ಮತ್ತೆ ಮುಷ್ಟಿ ಮುಚ್ಚಿ ಆರಿತು ಎಂದು, ಈ ಸಲ ಡಬ್ಬಿ ತೋರಿಸಿ ಕತ್ತು ವಾಲಿಸಿದಳು: ಡಬ್ಬಿ ಸತ್ತಿದೆ. ಎರಡು ಮುಷ್ಟಿಯನ್ನೂ ನನ್ನ ಮುಖದ ಹತ್ತಿರ ಹಿಡಿದು, ಯಾವುದು ಯಾವುದು ಎಂದು ಹುಬ್ಬೆತ್ತಿದಳು.

ಗೌಸಿಗೂ ಆ ಪ್ರಶ್ನೆಗೂ ಸಂಬಂಧವೇ ಇರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಅವ್ವ ಮಗುವನ್ನು ಎತ್ತಿಕೊಂಡು ಮೊದಲು ಹತ್ತಿದಳು. ಅಕ್ಕ ಫುಟ್‌ಬೋರ್ಡಿನ ಮೇಲೆ ನಿಂತು ತನ್ನ ಚೀಲದಿಂದ ಡಬ್ಬಿ ತೆಗೆದು ನನ್ನ ಕೈಗಿಟ್ಟಳು. ಆಮೇಲೆ ಎರಡೂ ಕೈಯ ಹತ್ತು ಬೆರಳು ತೋರಿಸಿ, ಮತ್ತೆ ಒಂದು ಬೆರಳು ತೋರಿಸಿದಳು. ಹನ್ನೊಂದು ದಿನ. ಅಳಲಿಲ್ಲ. ಕಂಡಕ್ಟರ್ ಸೀಟಿ ಊದುವವರೆಗೂ ಆ ಒಂದು ಬೆರಳನ್ನು ಇಳಿಸಲಿಲ್ಲ.

*

ಮಾರನೆಯ ದಿನ ಅಂಗಡಿಯಲ್ಲಿ ಡಬ್ಬಿ ಬಿಚ್ಚಿ ಹರವಿಕೊಂಡು ಕೂತೆ. ಗೌಸಿಲ್ಲದೆ, ಮುಚ್ಚಳ ಹಾಕಿ, ಮೈಕಿನ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಇಂಪನಾಳ ಅಳುವಿನ ಕ್ಯಾಸೆಟ್ ಹಾಕಿದೆ. ದೀಪ ಹತ್ತಿತು. ಮೊದಲ ಸಲ ಡಬ್ಬಿ ಮಾಡಿದಾಗಲೂ ಹೀಗೇ ಪರೀಕ್ಷೆ ಮಾಡಿದ್ದೆ. ಆದರೆ ಆಗ ದೀಪ ಹತ್ತಿದ ತಕ್ಷಣ ಖುಷಿಯಾಗಿ ಕ್ಯಾಸೆಟ್ ನಿಲ್ಲಿಸಿಬಿಡುತ್ತಿದ್ದೆ. ಅಳು ಕೇಳಿದ ಕೂಡಲೇ ನಿಲ್ಲಿಸುವುದು ಕಿವಿಯಿರುವವರ ಚಾಳಿ. ಈ ಸಲ ನಿಲ್ಲಿಸಲಿಲ್ಲ. ಗಡಿಯಾರ ನೋಡುತ್ತಾ ಕೂತೆ, ಅವ್ವ ಕೂತ ಹಾಗೆ.

ನಾಲ್ಕನೇ ನಿಮಿಷಕ್ಕೆ ದೀಪ ಆರಿತು. ಅಳು ನಡೆದೇ ಇತ್ತು. ಸ್ವಲ್ಪ ಹೊತ್ತು ಬಿಟ್ಟು ದೀಪ ಒಂದು ಕ್ಷಣ ಹತ್ತಿ, ಮತ್ತೆ ಆರಿತು.

ಡಬ್ಬಿ ತಣ್ಣಗಾಗಲು ಬಿಟ್ಟು, ಅದರ ಮೇಲೆ ನನ್ನ ಟವೆಲ್ ಸುತ್ತಿ ಮತ್ತೆ ನೋಡಿದೆ. ಮೂರನೇ ನಿಮಿಷಕ್ಕೆ ಆರಿತು.

ಗೌಸಿನ ತಪ್ಪು ಒಂದೇ ಒಂದು ನಿಮಿಷದ್ದು. ಉಳಿದದ್ದು ಬೇರೆ ಯಾರದೋ.

"ಓಂಕಾರಪ್ಪಾ, ಒಳಗೆ ಯಾರ್ದಪ್ಪ ಮಗು, ಹಂಗೆ ಬಡ್ಕೊಳ್ತಿದೆ?" ರಿಮೋಟ್ ರಿಪೇರಿಗೆ ಬಂದವರೊಬ್ಬರು ಕೇಳಿದರು.

"ನಮ್ ಭೀಮೇಶಂದು," ಎಂದರು ಓಂಕಾರಪ್ಪ, ತಲೆ ಎತ್ತದೆ. "ಮದುವೆಗೆ ಮುಂಚೇನೇ ಆಗ್ಬಿಟ್ಟಿದೆ, ಏನ್ಮಾಡ್ಲಿ."

ಬಂದವರು ಹೋದ ಮೇಲೆ ಅವರು ತಮ್ಮ ಸ್ಟೂಲನ್ನು ನನ್ನ ಕಡೆ ಎಳೆದುಕೊಂಡರು. ಕನ್ನಡಕ ಮೂಗಿನ ತುದಿಗೆ ಇಳಿಸಿ ಡಬ್ಬಿಯೊಳಗೆ ನೋಡಿದರು.

"ರಿಲೇ ಎಷ್ಟು ಹಾಕಿದೀಯ?"

"ಮೂರು. ಭಾವನ ಹೊಲಿಗೆ ಕೋಣೆಗೊಂದು ದೀಪ, ಅಡಿಗೆಮನೆಗೊಂದು, ಹಿತ್ತಿಲಿಗೊಂದು."

"ಮೂರು ದೀಪಕ್ಕೆ ಮೂರು ರಿಲೇ. ಸರಿ. ನಾಳೆ ಮೂರು ಮಕ್ಕಳಾದ್ರೆ ಮೂರು ಮನೆ ಕಟ್ಟಿಸ್ತೀಯೇನೋ ಮಾರಾಯ?"

ರಿಲೇ ಎಂದರೆ ಸಕ್ಕರೆ ಮಿಠಾಯಿಯ ಗಾತ್ರದ ಒಂದು ಪುಟ್ಟ ಡಬ್ಬಿ. ಒಳಗೆ ತಾಮ್ರದ ತಂತಿಯ ಸುರುಳಿ. ಸುರುಳಿಗೆ ಕರೆಂಟು ಕೊಟ್ಟರೆ ಅದು ಅಯಸ್ಕಾಂತವಾಗಿ ಒಂದು ನಾಲಗೆಯನ್ನು ಟಿಕ್ ಎಂದು ಎಳೆದುಕೊಳ್ಳುತ್ತದೆ. ಆ ನಾಲಗೆ ದೊಡ್ಡ ದೀಪದ ಸ್ವಿಚ್ಚಿನ ಕೆಲಸ ಮಾಡುತ್ತದೆ. ನಾನು ಹಾಕಿದ್ದು ಐದು ವೋಲ್ಟಿನ ರಿಲೇ. ಆ ಐದು ವೋಲ್ಟನ್ನು ಒದಗಿಸುವುದು ಮೂರು ಕಾಲಿನ ರೆಗ್ಯುಲೇಟರು. ಅದಕ್ಕೆ ಎಷ್ಟು ವೋಲ್ಟು ಕೊಟ್ಟರೂ ಐದನ್ನು ಮಾತ್ರ ಆಚೆ ಬಿಟ್ಟು, ಉಳಿದದ್ದನ್ನು ಬಿಸಿ ಮಾಡಿ ಬಿಸಾಡುತ್ತದೆ.

"ಲೆಕ್ಕ ಮಾಡಿದ್ಯಾ?" ಎಂದರು ಓಂಕಾರಪ್ಪ.

"ಸರ್ಕ್ಯೂಟ್ ಸರಿ ಇದೆ ಸಾರ್."

"ಸರ್ಕ್ಯೂಟ್ ಕೇಳಿಲ್ಲ. ಲೆಕ್ಕ ಮಾಡಿದ್ಯಾ ಅಂತ ಕೇಳ್ದೆ. ಬಿ.ಎಸ್ಸಿ. ನೀನು, ನಾನು ಎಸ್ಸೆಲ್ಸಿ ಫೇಲು."

ಮಾಡಿರಲಿಲ್ಲ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಎಂದು ಪರೀಕ್ಷೆಯಲ್ಲಿ ಎಷ್ಟು ಸಲ ಬರೆದು ಅಂಕ ತಗೊಂಡಿದ್ದೆನೋ ಲೆಕ್ಕವಿಲ್ಲ. ಆ ವ್ಯಾಟ್ ಒಂದು ದಿನ ನನ್ನ ಬೆರಳನ್ನು ಸುಡುತ್ತದೆ, ಒಂದು ಮಗುವನ್ನು ಹದಿನೈದು ನಿಮಿಷ ಅಳಿಸುತ್ತದೆ ಎಂದು ಪುಸ್ತಕದಲ್ಲಿ ಕಂಡಿರಲಿಲ್ಲ.

ಮಲ್ಟಿಮೀಟರ್ ತೆಗೆದುಕೊಂಡೆ. ರಿಲೇಯ ಸುರುಳಿಯನ್ನು ಅಳೆದೆ: ಎಪ್ಪತ್ತು ಓಮ್. ಐದು ವೋಲ್ಟನ್ನು ಎಪ್ಪತ್ತರಿಂದ ಭಾಗಿಸಿದರೆ ಎಪ್ಪತ್ತೊಂದು ಮಿಲಿ ಆಂಪಿಯರ್. ಮೂರು ರಿಲೇಗೆ ಇನ್ನೂರ ಹದಿಮೂರು, ಮೈಕಿನ ಸರ್ಕ್ಯೂಟಿಗೆ ಇನ್ನೊಂದು ಇಪ್ಪತ್ತು. ದೀಪ ಹತ್ತಿರುವಾಗ ರೆಗ್ಯುಲೇಟರಿನ ಒಳಬಾಗಿಲಲ್ಲಿ ಹದಿನೈದು ವೋಲ್ಟು, ಹೊರಬಾಗಿಲಲ್ಲಿ ಐದು. ನಡುವಿನ ಹತ್ತು ವೋಲ್ಟು ಅದರ ಮೈಮೇಲೆ. ಹತ್ತು ವೋಲ್ಟು, ಇನ್ನೂರ ಮೂವತ್ತಮೂರು ಮಿಲಿ ಆಂಪಿಯರು: ಎರಡೂಕಾಲು ವ್ಯಾಟಿಗಿಂತ ಸ್ವಲ್ಪ ಹೆಚ್ಚೇ. ಮೂರು ರಿಲೇಗಳ ಸುರುಳಿ ಸೇರಿ ತಿನ್ನುತ್ತಿದ್ದದ್ದು ಹೆಚ್ಚೂಕಡಿಮೆ ಒಂದು ವ್ಯಾಟ್.

"ಅನ್ನ ಒಂದು ಪಾವು, ಸೌದೆ ಎರಡು ಹೊರೆ," ಎಂದರು ಓಂಕಾರಪ್ಪ. "ಮುಂದೆ?"

ಆ ರೆಗ್ಯುಲೇಟರಿನ ಕಂಪನಿಯ ಹಾಳೆಯನ್ನು ಅವರು ಒಂದು ಹಳೆಯ ಫೈಲಿನಿಂದ ಹುಡುಕಿ ಕೊಟ್ಟರು. ಬೆನ್ನಿಗೆ ಅಲ್ಯೂಮಿನಿಯಂ ತಗಡು ಕಟ್ಟದೆ ಬರಿಮೈಯಲ್ಲಿ ಬಿಟ್ಟರೆ ಅದು ಒಂದು ವ್ಯಾಟಿಗೆ ಅರವತ್ತೈದು ಡಿಗ್ರಿ ಏರುತ್ತದೆ. ಗುಣಿಸಿದೆ. ನೂರ ಐವತ್ತು ದಾಟಿತು. ಅದರ ಮೇಲೆ ಏಪ್ರಿಲ್ ತಿಂಗಳ ಶಿವಮೊಗ್ಗದ ಮೂವತ್ತೈದು ಡಿಗ್ರಿ. ನೂರ ಎಂಬತ್ತೇಳು. ನೂರ ಐವತ್ತಕ್ಕೇ ಆ ಚಿಪ್ ತನ್ನ ಜೀವ ಉಳಿಸಿಕೊಳ್ಳಲು ತಾನೇ ಬಾಗಿಲು ಹಾಕಿಕೊಳ್ಳುತ್ತದೆ. ಅದು ಕೆಟ್ಟಿರಲಿಲ್ಲ. ಮಾಡಬೇಕಾದದ್ದನ್ನೇ ಮಾಡಿತ್ತು.

ಐದು ಸಾಲಿನ ಲೆಕ್ಕ. ಅಷ್ಟಕ್ಕೆ ಐದು ನಿಮಿಷವೂ ಬೇಕಾಗಲಿಲ್ಲ.

ಸಂಜೆ ದುರ್ಗಿಗುಡಿಗೆ ಹೋದೆ. ಭಾವ ಬಟ್ಟೆ ಕತ್ತರಿಸುವ ಮೇಜಿನ ಮುಂದಿದ್ದರು. ಒಳಗೆ ಜೋಳಿಗೆ ಖಾಲಿ ನೇತಾಡುತ್ತಿತ್ತು. ಒಲೆ ಹಚ್ಚಿದ ಗುರುತಿರಲಿಲ್ಲ. ಮೇಜಿನ ಮೇಲಿದ್ದ ಸೀಮೆಸುಣ್ಣದ ಬಿಲ್ಲೆ ತೆಗೆದುಕೊಂಡು ಲೆಕ್ಕವನ್ನು ಅಲ್ಲೇ ಮರದ ಮೇಲೆ ಬರೆದೆ. ಭಾವನಿಗೆ ಓದು ಅಷ್ಟಕ್ಕಷ್ಟೆ, ಅಂಕಿ ಚೆನ್ನಾಗಿ ಬರುತ್ತದೆ. ಗೌಸು ಇದ್ದರೆ ೩, ಇಲ್ಲದಿದ್ದರೆ ೪ ಎಂದು ದೊಡ್ಡದಾಗಿ ಬರೆದೆ. ಗಡಿಯಾರ ತೋರಿಸಿದೆ. ಆಮೇಲೆ ಗೌಸು ಎನ್ನುವುದನ್ನು ಅಡ್ಡಗೆರೆ ಎಳೆದು ಹೊಡೆದು, ನನ್ನ ಎದೆಗೆ ಬೆರಳಿಟ್ಟೆ. ತಪ್ಪು ನನ್ನದು.

ಭಾವ ಆ ಬರಹವನ್ನು ಬಹಳ ಹೊತ್ತು ನೋಡಿದರು. ನನ್ನ ಬೆರಳಿನ ಬೊಬ್ಬೆ ನೋಡಿದರು. ಕೊರಳಲ್ಲಿದ್ದ ಟೇಪು ತೆಗೆದು ಮೇಜಿನ ಮೇಲೆ ಒಂದು ಸಲ ಹಿಡಿದು ತೋರಿಸಿದರು, ಮತ್ತೊಂದು ಸಲ ಹಿಡಿದು ತೋರಿಸಿದರು. ಆಮೇಲಷ್ಟೇ ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿದರು. ಎರಡು ಸಲ ಅಳೆ, ಆಮೇಲೆ ಕತ್ತರಿಸು. ಕಲಿಯಲು ಬಂದ ಹುಡುಗನಿಗೆ ಮೊದಲ ದಿನ ಹೇಳಿಕೊಡುವ ಪಾಠವಿರಬೇಕು. ಹೇಳಿ ಮುಗಿದ ಮೇಲೆ ನಕ್ಕು, ನನ್ನ ಬೆನ್ನಿಗೊಂದು ಗುದ್ದಿದರು. ಆ ಗುದ್ದು ಸ್ವಲ್ಪ ಜೋರಾಗಿಯೇ ಇತ್ತು.

*

ಬಿಸಿಯನ್ನು ಕಡಿಮೆ ಮಾಡುವುದು ಕಷ್ಟವಾಗಲಿಲ್ಲ. ನಲವತ್ತು ವ್ಯಾಟಿನ ಮೂರು ಬಲ್ಬು ಸೇರಿದರೂ ಅರ್ಧ ಆಂಪಿಯರು. ಒಂದೇ ರಿಲೇಯ ನಾಲಗೆ ಐದು ಆಂಪಿಯರ್ ತಡೆಯುತ್ತದೆ. ಮೂರು ದೀಪಕ್ಕೆ ಒಂದು ರಿಲೇ ಸಾಕು. ಅದನ್ನೂ ಹನ್ನೆರಡು ವೋಲ್ಟಿನದು ಹಾಕಿ, ರೆಗ್ಯುಲೇಟರಿನ ಕೈಯಿಂದ ಬಿಡಿಸಿ, ನೇರ ಮೂಲದಿಂದಲೇ ಕರೆಂಟು ಕೊಟ್ಟರೆ, ರೆಗ್ಯುಲೇಟರಿಗೆ ಉಳಿಯುವುದು ಮೈಕಿನ ಇಪ್ಪತ್ತು ಮಿಲಿ ಆಂಪಿಯರ್ ಮಾತ್ರ. ಕಾಲು ವ್ಯಾಟ್. ಹದಿನಾರು ಡಿಗ್ರಿ ಏರುತ್ತದೆ, ಅಷ್ಟೇ.

ಆದರೆ ಅಕ್ಕನ ಎರಡು ಮುಷ್ಟಿ ಕಣ್ಣ ಮುಂದಿನಿಂದ ಹೋಗಲಿಲ್ಲ. ಇಂದು ಬಿಸಿ, ನಾಳೆ ಸಡಿಲವಾದ ಬೆಸುಗೆ, ನಾಡಿದ್ದು ಇಲಿ ಕಡಿದ ತಂತಿ. ಡಬ್ಬಿ ಯಾವುದರಿಂದ ಸತ್ತರೂ ದೀಪ ಆರಿಯೇ ಇರುತ್ತದೆ. ಮಗು ಸುಖವಾಗಿ ಮಲಗಿದಾಗಲೂ ಆರಿಯೇ ಇರುತ್ತದೆ. ನನಗೆ ಈ ಎರಡು ಮೌನಗಳ ವ್ಯತ್ಯಾಸ ಕಿವಿಯಿಂದ ತಿಳಿಯುತ್ತಿತ್ತು, ಹಾಗಾಗಿ ಅದನ್ನು ಯೋಚಿಸಿಯೇ ಇರಲಿಲ್ಲ. ಚಿಕ್ಕಂದಿನಲ್ಲಿ ಅಕ್ಕ ಸುಮ್ಮನೆ ಕೂತಿದ್ದರೆ ಅವಳಿಗೆ ಏನೂ ಬೇಡ ಎಂದೇ ನಾವೆಲ್ಲ ತಿಳಿಯುತ್ತಿದ್ದೆವು. ಅವಳು ಕರೆಯಲು ಬಾರದೆ ಸುಮ್ಮನಿದ್ದ ದಿನಗಳೂ ಅದರಲ್ಲಿದ್ದಿರಬೇಕು.

ಮೂರು ದಿನ ಅದೇ ಯೋಚನೆಯಲ್ಲಿ ಭದ್ರಾವತಿಗೂ ಶಿವಮೊಗ್ಗಕ್ಕೂ ಓಡಾಡಿದೆ. ಮನೆಯಲ್ಲಿ ಅಕ್ಕ ಮಾತಾಡಿಸುತ್ತಿರಲಿಲ್ಲ. ಊಟಕ್ಕೆ ಬಡಿಸುವಾಗ ಬೆರಳು ತೋರಿಸುತ್ತಿದ್ದಳು. ಒಂಬತ್ತು. ಎಂಟು. ಏಳು.

ನಾಲ್ಕನೇ ದಿನ ಹೊಸ ರಿಲೇಗೆ ಬೆಸುಗೆ ಹಾಕುತ್ತಿದ್ದಾಗ ಅದರ ಒಂದು ಕಾಲು ಖಾಲಿ ಉಳಿಯಿತು. ಅದು ಯಾವಾಗಲೂ ಖಾಲಿಯೇ ಉಳಿಯುತ್ತಿತ್ತು. ರಿಲೇಯ ನಾಲಗೆಗೆ ಎರಡು ನೆಲೆಯಿರುತ್ತವೆ: ಸುರುಳಿ ಎಳೆದಾಗ ಮುಟ್ಟುವ ಒಂದು ಕಾಲು, ಬಿಟ್ಟಾಗ ಹೋಗಿ ಕೂರುವ ಇನ್ನೊಂದು ಕಾಲು. ಎಲ್ಲರೂ ದೀಪವನ್ನು ಮೊದಲನೆಯದಕ್ಕೆ ಕಟ್ಟುತ್ತಾರೆ. ಕೈಯಲ್ಲಿ ಬೆಸುಗೆ ಹಾಕುವ ಕಾವಿ ಹಿಡಿದುಕೊಂಡು ಆ ಎರಡನೆಯ ಕಾಲನ್ನೇ ನೋಡುತ್ತಾ ಕೂತುಬಿಟ್ಟೆ.

"ಏನೋ, ಜ್ಞಾನೋದಯ ಆಯ್ತಾ? ಕಾವಿ ಟೇಬಲ್ ಸುಡ್ತಿದೆ," ಎಂದರು ಓಂಕಾರಪ್ಪ.

"ಸಾರ್, ಉಲ್ಟಾ ಕಟ್ತೀನಿ. ಮಗು ಸುಮ್ಮನಿದ್ದಷ್ಟು ಹೊತ್ತೂ ರಿಲೇ ಎಳ್ಕೊಂಡಿರ್ಲಿ. ಅತ್ರೆ ಬಿಟ್ಬಿಡ್ಲಿ. ಬಿಟ್ಟಾಗ ದೀಪ ಹತ್ತಲಿ."

ಅವರು ಕನ್ನಡಕ ಮೇಲೇರಿಸಿದರು. "ಅಂದ್ರೆ ಡಬ್ಬಿ ಸತ್ರೂ ಬಿಡುತ್ತೆ."

"ಬಿಡುತ್ತೆ. ದೀಪ ಹತ್ತುತ್ತೆ. ಅಕ್ಕ ಬಂದು ನೋಡ್ತಾಳೆ."

"ಮನೇಲಿ ಕರೆಂಟೇ ಹೋದ್ರೆ?"

"ಕರೆಂಟ್ ಹೋಗಿದ್ದು ಕಿವುಡರಿಗೂ ಕಾಣುತ್ತೆ ಸಾರ್. ಸ್ವಿಚ್‌ಬೋರ್ಡಲ್ಲಿ ಕೆಂಪು ಇಂಡಿಕೇಟರ್ ಇದೆ, ಅದು ಆರಿದ್ರೆ ಹೋಗಿ ಮಗು ಹತ್ರ ಕೂರ್ತಾಳೆ. ಹಿತ್ತಿಲಿಗೂ ಒಂದು ಹಾಕ್ತೀನಿ."

"ಇಡೀ ದಿನ ಸುರುಳಿಗೆ ಕರೆಂಟು. ಕಾಯಲ್ವಾ? ಮತ್ತೆ ಬೊಬ್ಬೆ ಎಬ್ಬಿಸ್ಕೊಂಡು ಬರ್ಬೇಡ." ಕಾಗದ ಪೆನ್ಸಿಲು ನನ್ನ ಮುಂದೆ ತಳ್ಳಿದರು. "ಬರಿ."

ಬರೆದೆ. ಸುರುಳಿ ನಾನೂರು ಓಮ್. ಹೊರೆ ಇಳಿದದ್ದರಿಂದ ಮೂಲದಲ್ಲಿ ಈಗ ಹದಿನೇಳು ವೋಲ್ಟು. ನೇರ ಕೊಟ್ಟರೆ ಮುಕ್ಕಾಲು ವ್ಯಾಟ್ ಹತ್ತಿರ; ಸುರುಳಿಗೆ ಅದು ಹೊರೆ. ಸಾಲಿನಲ್ಲಿ ನೂರ ಐವತ್ತು ಓಮಿನ ರೆಸಿಸ್ಟರ್ ಹಾಕಿದರೆ ಮೂವತ್ತೊಂದು ಮಿಲಿ ಆಂಪಿಯರ್. ಸುರುಳಿಯ ಪಾಲಿಗೆ ಹನ್ನೆರಡು ವೋಲ್ಟು ಚಿಲ್ಲರೆ, ಅಂದರೆ ಮುನ್ನೂರ ಎಂಬತ್ತು ಮಿಲಿವ್ಯಾಟ್. ಅದು ಸುರುಳಿಯ ದಿನನಿತ್ಯದ ಊಟ. ಸುಮ್ಮನಿರುವುದಕ್ಕೂ ಇಷ್ಟು ಖರ್ಚಾಗುತ್ತದೆ ಎಂದು ಕಾಗದದ ಮೇಲೆ ಮೊದಲ ಸಲ ಕಂಡೆ. ಮಗು ಎಷ್ಟು ಹೊತ್ತು ಅತ್ತರೂ ಆ ಹೊತ್ತೆಲ್ಲ ರಿಲೇಗೆ ರಜೆ, ಬಿಸಿಯ ಮಾತೇ ಇಲ್ಲ.

ಓಂಕಾರಪ್ಪ ಕಾಗದ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ರೆಸಿಸ್ಟರ್ ಅರ್ಧ ವ್ಯಾಟಿಂದು ಹಾಕು, ಕಾಲು ಬೇಡ," ಎಂದಷ್ಟೇ ಹೇಳಿ ತಮ್ಮ ಟೀವಿಗೆ ವಾಪಸಾದರು.

ಡಬ್ಬಿಯನ್ನು ಅಂಗಡಿಯಲ್ಲೇ ಮೂರು ದಿನ ಸತತ ನಡೆಸಿದೆ. ಕಾಲೇಜಿನ ಲ್ಯಾಬಿನಿಂದ ಕೇಳಿ ತಂದ ಥರ್ಮಾಮೀಟರಿನ ಬುಡವನ್ನು ಸುರುಳಿಗೆ ದಾರದಿಂದ ಕಟ್ಟಿ, ಗಂಟೆಗೊಮ್ಮೆ ಬರೆದಿಟ್ಟೆ. ಮಧ್ಯಾಹ್ನದ ಹೊತ್ತಲ್ಲಿ ಐವತ್ತೆರಡು. ಅದಕ್ಕಿಂತ ಮೇಲೆ ಹೋಗಲಿಲ್ಲ. ರೆಗ್ಯುಲೇಟರಿನ ಮೇಲೆ ಗಾಯ ಮಾಗುತ್ತಿದ್ದ ಅದೇ ಬೆರಳನ್ನು ಇಟ್ಟೆ. ಸ್ನಾನ ಮಾಡಿಸಿದ ಮಗುವಿನ ಬೆನ್ನಿನಷ್ಟು ಬೆಚ್ಚಗಿತ್ತು. ಅಳುವಿನ ಕ್ಯಾಸೆಟ್ಟನ್ನು ಎರಡೂ ಮಗ್ಗುಲು, ಒಂದು ಗಂಟೆ, ಪೂರ್ತಿ ಓಡಿಸಿದೆ. ಪಕ್ಕದ ಅಂಗಡಿಯವರು ಬಂದು ಕೈಮುಗಿದರು.

ಭಾವ ಮತ್ತೆ ಅಳತೆ ತೆಗೆಯಲು ಬಂದಾಗ ಬೇಡ ಎನ್ನಲಿಲ್ಲ. ಈ ಸಲದ ಗೌಸು ಹತ್ತಿಯದು. ಗಾಳಿಯಾಡಲೆಂದು ನಾಲ್ಕೂ ಮಗ್ಗುಲಿಗೆ ಸಾಲು ಸಾಲಾಗಿ ಕಾಜಾ ಹೊಲಿದಿದ್ದರು, ಗುಂಡಿಯಿಲ್ಲದ ಕಾಜಾಗಳು, ಎಣಿಸಿದರೆ ಅರವತ್ತು. ಒಂದೊಂದರ ಅಂಚಿಗೂ ಕೈಹೊಲಿಗೆ. ಅದನ್ನು ಹಾ‌ಕಿಯೂ ಅರ್ಧ ದಿನ ಅಳೆದೆ. ಐವತ್ತೈದು.

*

ಯುಗಾದಿಗೆ ಮೂರು ದಿನ ಇರುವಾಗ ಅವ್ವ, ಅಕ್ಕ, ಮಗು ಶಿವಮೊಗ್ಗಕ್ಕೆ ಬಂದರು. "ಒಂದೇ ದಿನ," ಎಂದಳು ಅವ್ವ. "ಒಂದು ಸಲ ಆರಿದ್ರೂ ಹೊರಟೆ."

"ಇವತ್ತು ಆರಿದ್ರೆ ಮಗು ಮಲಗಿದೆ ಅಂತಾನೇ ಅರ್ಥ ಅವ್ವ."

"ನೋಡೋಣ."

ಅದೇ ಚಾಪೆ, ಅದೇ ಗಡಿಯಾರ. ನಾನು ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತೆ. ಮಗು ಮೊದಲ ಸಲ ಅತ್ತಾಗ ಗೂಡಿನಲ್ಲಿ ಟಿಕ್ ಎಂದಿತು. ಆ ಸದ್ದು ಕೇಳಿದ್ದು ನನಗೂ ಅವ್ವನಿಗೂ ಮಾತ್ರ. ಅಡಿಗೆಮನೆಯಿಂದ ಅಕ್ಕ ಬಂದಳು. ಹಾಲು ಕುಡಿಸಿ ಮಲಗಿಸಿದಳು. ಟಿಕ್.

ಹನ್ನೊಂದು ಗಂಟೆಗೆ ಅಕ್ಕ ಬಚ್ಚಲಿಗೆ ಹೋದಾಗ ಮಗು ಎದ್ದು ರಚ್ಚೆ ಹಿಡಿಯಿತು. ಬಚ್ಚಲಲ್ಲಿ ದೀಪವಿಲ್ಲ. ಅವ್ವ ನನ್ನ ಕಡೆ ನೋಡಿದಳು. ಅವಳ ಕೈಗಳು ಮಡಿಲಲ್ಲಿ ಒಂದನ್ನೊಂದು ಹಿಸುಕುತ್ತಿದ್ದವು. ಅಷ್ಟರಲ್ಲಿ ಬೀದಿ ಕೋಣೆಯ ಮಿಷನ್ ಸದ್ದು ನಿಂತಿತು. ಭಾವ ಕೊರಳಲ್ಲಿ ಟೇಪು, ತುಟಿಯಲ್ಲಿ ಸೂಜಿ ಕಚ್ಚಿಕೊಂಡೇ ಬಂದರು. ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿ, ಆಮೇಲೆ ಅದನ್ನೂ ತೆಗೆದು ಗೋಡೆಯ ಕ್ಯಾಲೆಂಡರಿಗೆ ಚುಚ್ಚಿ, ಮಗುವನ್ನು ಎತ್ತಿಕೊಂಡರು. ಹೊಟ್ಟೆನೋವಿನ ಅಳು ಇರಬೇಕು, ಬೇಗ ನಿಲ್ಲಲಿಲ್ಲ. ಇಪ್ಪತ್ತು ನಿಮಿಷ ಅವರ ಹೆಗಲ ಮೇಲೆ ಅತ್ತಿತು. ಇಪ್ಪತ್ತು ನಿಮಿಷವೂ ದೀಪ ಉರಿಯಿತು. ಭಾವ ಮಗುವಿನ ಬೆನ್ನಿನ ಮೇಲೆ ಅಂಗೈ ಇಟ್ಟುಕೊಂಡೇ ಓಡಾಡುತ್ತಿದ್ದರು. ಅಳು ಇಳಿಯುವುದು ಅವರಿಗೆ ಅಂಗೈಯಲ್ಲಿ ತಿಳಿಯುತ್ತಿತ್ತು. ಅದು ನಿಂತ ಮೇಲೆ ದೀಪದ ಕಡೆ ನೋಡಿದರು. ಅದೂ ಆರಿತು.

ಮಧ್ಯಾಹ್ನ ಊಟವಾಗಿ ಮಗು ಮಲಗಿತ್ತು. ಅಕ್ಕ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅವ್ವ ಮೆಲ್ಲಗೆ ಕೇಳಿದಳು. ಮೆಲ್ಲಗೆ ಕೇಳಬೇಕಾಗಿಯೇ ಇರಲಿಲ್ಲ.

"ಇದು ಕೆಟ್ರೆ?"

"ಕೆಟ್ರೂ ದೀಪ ಹತ್ತುತ್ತೆ."

"ಬಾಯಲ್ಲಿ ಎಲ್ಲಾನೂ ಹತ್ತುತ್ತೆ."

"ಕೀಳು ಹಾಗಾದ್ರೆ. ಆ ಸಣ್ಣ ಪ್ಲಗ್. ದೀಪದ ಲೈನ್ ಬೇರೆ ಇದೆ. ಕೆಡಿಸಿ ನೋಡು."

ಅವ್ವ ಎದ್ದಳು. ಗೌಸಿನ ಕಾಜಾಗಳ ಮೇಲೆ ಒಂದು ಸಲ ಬೆರಳಾಡಿಸಿದಳು. ಆಮೇಲೆ ಡಬ್ಬಿಯ ಪ್ಲಗ್ಗನ್ನು ಕಿತ್ತಳು.

ಟಿಕ್. ಮೂರೂ ದೀಪ ಹತ್ತಿದವು. ಹಿತ್ತಿಲಲ್ಲಿ ಪಾತ್ರೆಯೊಂದು ಉರುಳಿದ ಸದ್ದು ಕೇಳಿಸಿತು. ಅಕ್ಕ ಬೂದಿ ಕೈಯಲ್ಲೇ ಓಡಿ ಬಂದಳು, ಅವಳ ಹಿಂದೆ ಬೀದಿ ಬಾಗಿಲಿಂದ ಭಾವ. ಅಕ್ಕ ಜೋಳಿಗೆಯೊಳಗೆ ಬಗ್ಗಿ ನೋಡಿದಳು. ಮಗು ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿತ್ತು. ಅದರ ಮೂಗಿನ ಹತ್ತಿರ ಅಂಗೈಯ ಹಿಂಬದಿ ಹಿಡಿದಳು. ಆಮೇಲೆ ತಲೆಯೆತ್ತಿ ಡಬ್ಬಿ ನೋಡಿದಳು. ಆಮೇಲೆ ಅವ್ವನ ಕೈಯಲ್ಲಿದ್ದ ಪ್ಲಗ್ಗು.

ನನಗೆ ಭಯವಾಯಿತು. ಅಕ್ಕ ಅವ್ವನ ಹತ್ತಿರ ಹೋಗಿ, ಬೂದಿ ಕೈಯಿಂದಲೇ ಅದನ್ನು ಕಸಿದುಕೊಂಡು, ಗೋಡೆಗೆ ಚುಚ್ಚಿದಳು. ದೀಪ ಆರುವವರೆಗೆ ಅದನ್ನೇ ನೋಡುತ್ತಾ ನಿಂತಳು. ಆರಿತು. ಅವ್ವನ ಕಡೆ ತಿರುಗಿದಳು.

"ಆಟ ಆಡ್ಬೇಡ," ಎಂದಳು, ಇಡೀ ದುರ್ಗಿಗುಡಿಗೆ ಕೇಳುವ ಹಾಗೆ. "ನಂಗೆ ಕೆಲಸ ಇದೆ."

ಮಗು ಬೆಚ್ಚಿ ಎದ್ದು ಅಳತೊಡಗಿತು. ಟಿಕ್ ಎಂದಿತು. ದೀಪ ಹತ್ತಿದ್ದನ್ನು ನೋಡಿ ಅಕ್ಕನಿಗೆ ತನ್ನ ದನಿ ಎಷ್ಟು ಜೋರಿತ್ತೆಂದು ತಿಳಿಯಿತು. ಬೂದಿ ಮೆತ್ತಿದ ಕೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ನಕ್ಕಳು. ಭಾವ ಯಾಕೆ ಏನು ಎಂದು ಎಲ್ಲರ ಮುಖ ನೋಡುತ್ತಿದ್ದರು.

ಅವ್ವ ನಗಲಿಲ್ಲ. ಮುಟ್ಟುವುದಿಲ್ಲ ಎಂದ ಮಾತು ಮರೆತು ಜೋಳಿಗೆಗೆ ಕೈ ಹಾಕಿದಳು. ಅರ್ಧಕ್ಕೆ ನಿಲ್ಲಿಸಿ ಕೈ ಹಿಂದಕ್ಕೆ ತೆಗೆದುಕೊಂಡಳು. ಅಕ್ಕ ಕೈ ತೊಳೆದುಕೊಂಡು ಬಂದು ಎತ್ತಿಕೊಳ್ಳುವವರೆಗೂ ಕಾದಳು.

ಸಂಜೆ ನಾವಿಬ್ಬರೇ ಬಸ್ ಸ್ಟ್ಯಾಂಡಿಗೆ ನಡೆದೆವು. ಅವ್ವನ ಬ್ಯಾಗು ಹಗುರವಾಗಿತ್ತು. ಮಗುವಿನ ಬಟ್ಟೆಯನ್ನು ಅಲ್ಲೇ ಬಿಟ್ಟು ಬಂದಿದ್ದಳು. ಭದ್ರಾವತಿ ಬಸ್ಸು ಬಂದು ನಿಂತು, ಜನ ಇಳಿದು, ನಮಗೆ ಸೀಟು ಸಿಕ್ಕ ಮೇಲೆ ಅವ್ವ ಕಿಟಕಿಯ ಆಚೆ ನೋಡುತ್ತಾ ಹೇಳಿದಳು.

"ಅಟ್ಟದ ಮೇಲೆ ತೊಟ್ಟಿಲಿದೆ. ನಿಮ್ಮಿಬ್ರನ್ನೂ ತೂಗಿದ್ದು. ಎಷ್ಟ್ ದಿನ ಅಂತ ಜೋಳಿಗೇಲಿ ಮಲಗಿಸ್ತಾರೆ? ನಾಡಿದ್ದು ಬೆಳಿಗ್ಗೆ ತಂದ್ಬಿಡೋಣ."

"ಬಸ್ ಟಾಪಿಗೆ ಹಾಕ್ಬೇಕಾಗುತ್ತೆ."

"ಹಾಕ್ಸು. ಹಗ್ಗ ಮಾತ್ರ ನಾನು ಕಟ್ತೀನಿ." ನನ್ನ ಬೆರಳಿನ ಕಲೆ ನೋಡಿ, ಮುಖ ಆ ಕಡೆ ತಿರುಗಿಸಿದಳು. "ನೀನು ಕಟ್ಟಿದ್ದು ಮೊದಲನೇ ಸಲ ನಿಲ್ಲಲ್ಲ."